ಮಗಳ ಜೊತೆ ಶ್ರೀಹರಿಕೋಟಾಕ್ಕೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆ ಇಡುವ ಕಾಲ. ಕಡಲೂ ಆಗ ಮೈಮೇಲೆ ಬಂದವರ ಹಾಗೆ ಇರುತ್ತದೆ. ಹೊನ್ನಾವರದ ಬಂದರಿನಲ್ಲಿ ಬೋಟುಗಳನ್ನು ಸಾಲಾಗಿ ಕಟ್ಟಿಹಾಕಿ ನಾವು ಮನೆ ಸೇರುತ್ತೇವೆ. ನಾನು ಪರ್ಸೀನ್ ಬೋಟಿನ ತಾಂಡೇಲ. ತಾಂಡೇಲ ಎಂದರೆ ಬೋಟು ನಡೆಸುವವ, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವ. ಉಳಿದ ಹತ್ತು ತಿಂಗಳು ನಾನು ಏಳುವಾಗ ಮಕ್ಕಳು ಮಲಗಿರುತ್ತಾರೆ, ಮನೆಗೆ ಬರುವಾಗಲೂ ಮಲಗಿರುತ್ತಾರೆ. ನನ್ನನ್ನು ಹಗಲಿನಲ್ಲಿ ನೋಡಬೇಕಾದರೆ ಮಳೆಗಾಲವೇ ಬರಬೇಕು.

ಮಗಳಿಗೆ ಮಾತಾಡಲು ಅಜ್ಜ ಇದ್ದರು. ನನ್ನ ಅಪ್ಪ. ಅವರು ರಂಪಣಿ ಬಲೆಯ ಕಾಲದವರು. ಎಂಜಿನ್ನೂ ಇಲ್ಲ, ಜಿಪಿಎಸ್ಸೂ ಇಲ್ಲ, ಚುಕ್ಕಿ ನೋಡಿ ದಾರಿ ಹಿಡಿದವರು. ಇವತ್ತು ಯಾವ ತಿಥಿ, ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ, ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂದು ಮೊಮ್ಮಗಳಿಗೆ ಬಾಯಿಪಾಠ ಮಾಡಿಸಿದ್ದರು. ಮಿಂಚು ಹೊಡೆದಾಗ ಹೆದರಬಾರದು, ಎಣಿಸಬೇಕು. ಗುಡುಗು ಕೇಳುವ ತನಕ ಎಣಿಸಿ ಮೂರರಿಂದ ಭಾಗಿಸಿದರೆ ಅದು ಎಷ್ಟು ಕಿಲೋಮೀಟರ್ ದೂರ ಹೊಡೆಯಿತು ಎಂದು ತಿಳಿಯುತ್ತದೆ. ಇದೂ ಅವರೇ ಹೇಳಿಕೊಟ್ಟದ್ದು. ಓದುವ ಮಕ್ಕಳು ಈ ಮಳೆಗಾಲದಲ್ಲಿ ಮಾಡಿ ನೋಡಬಹುದು, ಲೆಕ್ಕ ಸರಿಯಾಗಿಯೇ ಬರುತ್ತದೆ.

ಅಜ್ಜನ ಟ್ರಂಕಿನಲ್ಲಿ ಹಳೆಯ ಎರಡು ರೂಪಾಯಿಯ ನೋಟೊಂದು ಇತ್ತು. ಅದರ ಹಿಂಬದಿಯಲ್ಲಿ ಆರ್ಯಭಟ ಉಪಗ್ರಹದ ಚಿತ್ರ. ನಮ್ಮ ದೇಶದ ಮೊದಲ ಉಪಗ್ರಹ ಅದು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದದ್ದು. 1975ರ ಏಪ್ರಿಲ್ 19ರಂದು ಸೋವಿಯತ್ ದೇಶದ ರಾಕೆಟ್ಟಿನಲ್ಲಿ ಮೇಲೆ ಹೋಯಿತು. ಅದನ್ನು ಮಾಡಿಸಿದ ಯು.ಆರ್. ರಾವ್ ಉಡುಪಿಯ ಆಚೆಯ ಅದಮಾರಿನವರು. "ನಮ್ಮ ಕಡಲ ಬದಿಯ ಹುಡುಗ" ಎಂದು ಅಜ್ಜ ಹೇಳುತ್ತಿದ್ದ ರೀತಿ ನೋಡಿದರೆ ಇವರೇ ಅವರನ್ನು ಎತ್ತಿ ಆಡಿಸಿದ್ದರೇನೋ ಅನ್ನಿಸಬೇಕು.

2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಚಂದ್ರನ ಮೇಲೆ ಇಳಿಯುವ ರಾತ್ರಿ ಅಜ್ಜ ಮೊಮ್ಮಗಳು ಇಬ್ಬರೂ ಟಿವಿ ಮುಂದೆ ಕೂತಿದ್ದರು. ಅವಳಿಗಾಗ ಮೂರನೇ ತರಗತಿ. ಸೆಪ್ಟೆಂಬರ್ 7ರ ನಸುಕಿನ ಎರಡು ಗಂಟೆಯ ಹೊತ್ತು. ಚಂದ್ರನಿಂದ ಇನ್ನು ಎರಡೇ ಕಿಲೋಮೀಟರ್ ಮೇಲಿದೆ ಎನ್ನುವಾಗ ಸಂಪರ್ಕ ತಪ್ಪಿತು. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಆ ಹೊತ್ತಿಗೆ ಬೋಟಿಗೆ ಹೋಗಲು ಎದ್ದಿದ್ದೆ. ಅಜ್ಜ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಅಳಿವೆಯಲ್ಲಿ ದೋಣಿ ಮಗುಚಿತು ಅಂತ ಯಾರಾದ್ರೂ ಕಡಲು ಬಿಡ್ತಾರಾ ಮಗಾ? ಮತ್ತೆ ಕಳಿಸ್ತಾರೆ. ಮುಂದಿನ ಸಲ ನಾವಿಬ್ಬರೂ ಅಲ್ಲಿಗೇ ಹೋಗಿ ನೋಡುವ."

2021ರ ಮಳೆಗಾಲದಲ್ಲಿ ಅಜ್ಜ ತೀರಿಹೋದರು. ಮನೆಯಲ್ಲಿ ಮಗಳ ದನಿ ಕೇಳುವುದೇ ಕಡಿಮೆಯಾಯಿತು. ನೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ವಿಜ್ಞಾನದ ಪುಸ್ತಕದ ನಡುವೆ ಇಟ್ಟುಕೊಂಡಿದ್ದಳು. ಎರಡು ವರ್ಷ ಕಳೆದು, ಜುಲೈ ಮೊದಲ ವಾರದಲ್ಲಿ ಒಂದು ದಿನ ನಾನು ಚಾ ಕುಡಿಯುವ ಜಾಗದಲ್ಲಿ ಪೇಪರು ಮಡಚಿ ಇಟ್ಟಿತ್ತು. ಚಂದ್ರಯಾನ-3 ಜುಲೈ 14ರಂದು ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ. ಕೇಳಲಿಲ್ಲ, ಹೇಳಲಿಲ್ಲ, ಇಟ್ಟು ಹೋಗಿದ್ದಳು ಅಷ್ಟೆ. ನನ್ನ ಅವ್ವ ಒಳಗಿನಿಂದ, "ಅಜ್ಜ ಹೇಳಿದ್ದನ್ನ ಅದು ಮರೆತಿಲ್ಲ ನೋಡು" ಅಂದರು.

ಶ್ರೀಹರಿಕೋಟಾದಲ್ಲಿ ಸಾರ್ವಜನಿಕರು ಕೂತು ನೋಡಲೆಂದೇ 2019ರಲ್ಲಿ ಇಸ್ರೋ ಒಂದು ಗ್ಯಾಲರಿ ಮಾಡಿದೆ. ಮೊದಲೇ ಹೆಸರು ನೋಂದಾಯಿಸಬೇಕು. ಪೇಟೆಯ ಸೈಬರ್ ಅಂಗಡಿಗೆ ಹೋಗಿ ಆಧಾರ್ ಕಾರ್ಡು ಕೊಟ್ಟೆ, ಇಬ್ಬರಿಗೂ ಸಿಕ್ಕಿತು. ಮನೆಯಾಕೆಗೆ ಖರ್ಚಿನ ಚಿಂತೆ, ಸಕಲೇಶಪುರದ ಘಟ್ಟದಲ್ಲಿ ಗುಡ್ಡ ಕುಸಿದರೆ ಎಂಬ ಚಿಂತೆ. ನನ್ನ ಚಿಂತೆಯೇ ಬೇರೆ. ನಾಲ್ಕು ದಿನ ಈ ಹುಡುಗಿಯ ಜೊತೆ ಎಂತ ಮಾತಾಡುವುದು? ಬೋಟಿನಲ್ಲಿ ಮೂವತ್ತು ಜನರಿಗೆ ಕೂಗಿ ಕೆಲಸ ಹೇಳುವ ನನಗೆ ಈ ಒಂದು ಪುಟ್ಟ ಜನದ ಎದುರು ಮಾತೇ ಹೊರಡುತ್ತಿರಲಿಲ್ಲ.

ಜುಲೈ 12ರ ಸಂಜೆ ಪಂಚಗಂಗಾ ರೈಲು ಹತ್ತಿದೆವು. ಮಳೆ ಧೋ ಎಂದು ಸುರಿಯುತ್ತಿತ್ತು. ಬುತ್ತಿಯಲ್ಲಿ ಅವಲಕ್ಕಿ, ಜೊತೆಗೆ ಅವ್ವ ಗುಟ್ಟಾಗಿ ಇಟ್ಟ ಒಣ ಸಿಗಡಿ ಚಟ್ನಿ. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಇಡೀ ಬೋಗಿಗೆ ನಾವು ಎಲ್ಲಿಯವರು ಎಂದು ಗೊತ್ತಾಯಿತು. ಎದುರಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಹೇಳಿದೆ. "ಅಯ್ಯೋ, ಟಿವಿಯಲ್ಲಿ ಇನ್ನೂ ಚಂದ ಕಾಣ್ತದಲ್ಲ ಮಾರಾಯ್ರೆ!" ಅಂದರು. ಮಗಳು ಪುಸ್ತಕದಿಂದ ತಲೆ ಎತ್ತದೆ, "ಟಿವಿಯಲ್ಲಿ ಸದ್ದು ಮೊದಲೇ ಬರ್ತದೆ" ಅಂದಳು. ಅವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಅಜ್ಜನ ಗುಡುಗಿನ ಲೆಕ್ಕ ಅವಳ ತಲೆಯಲ್ಲಿತ್ತು.

ಬೆಂಗಳೂರಿನಲ್ಲಿ ಅರ್ಧ ದಿನ ಕಾಯಬೇಕಿತ್ತು. 13ರ ಮಧ್ಯಾಹ್ನ 1 ಗಂಟೆ 5 ನಿಮಿಷಕ್ಕೆ ಅಲ್ಲಿ ಶ್ರೀಹರಿಕೋಟಾದಲ್ಲಿ ಕೌಂಟ್‌ಡೌನ್ ಶುರು. ಇಪ್ಪತ್ತೈದೂವರೆ ಗಂಟೆಯ ಎಣಿಕೆ. ನಿಲ್ದಾಣದ ಗಡಿಯಾರ ನೋಡಿ ಅವಳೂ ತನ್ನ ನೋಟ್‌ಬುಕ್ಕಿನಲ್ಲಿ ಗಂಟೆ ಬರೆಯತೊಡಗಿದಳು. ನಾನು ಸುಮ್ಮನೆ ಕೂರಲಾರದೆ, "ಅಷ್ಟು ದೂರ ಯಾಕೆ ಹೋಗಿ ಹಾರಿಸ್ತಾರೆ, ನಮ್ಮ ಬದಿಯಲ್ಲಿ ಕಡಲಿಲ್ಲವಾ?" ಎಂದು ಕೇಳಿದೆ. ಕೇಳಿದ್ದೇ ಸೈ. ಅಲ್ಲಿಂದ ಶುರುವಾದದ್ದು ಚೆನ್ನೈ ಬರುವ ತನಕ ನಿಲ್ಲಲಿಲ್ಲ.

ಅವಳು ಹೇಳಿದ್ದು ಇಷ್ಟು. ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ನಾವಿರುವ ಅಕ್ಷಾಂಶದಲ್ಲಿ ಆ ತಿರುಗುವಿಕೆಯ ವೇಗ ಗಂಟೆಗೆ ಸುಮಾರು 1,600 ಕಿಲೋಮೀಟರ್. ರಾಕೆಟ್ಟು ಪೂರ್ವಕ್ಕೆ ಹಾರಿದರೆ ಆ ವೇಗ ಪುಕ್ಕಟೆ ಸಿಗುತ್ತದೆ. ನಮ್ಮ ಹೊನ್ನಾವರದಿಂದ ಪೂರ್ವಕ್ಕೆ ಹಾರಿಸಿದರೆ ಕೆಳಗೆ ಘಟ್ಟ, ಊರು, ಜನ. ಸುಟ್ಟು ಮುಗಿದ ಭಾಗಗಳು ಯಾರ ತಲೆಯ ಮೇಲೆ ಬೀಳಬೇಕು? ಶ್ರೀಹರಿಕೋಟಾದಿಂದಾದರೆ ಪೂರ್ವಕ್ಕೆ ಬರೀ ಬಂಗಾಳ ಕೊಲ್ಲಿ.

ಅಕ್ಷಾಂಶ ಅಂದದ್ದಕ್ಕೆ ನಾನೂ ಬಾಯಿ ಹಾಕಿದೆ. ಅದು ನನ್ನ ದಿನದ ಕೆಲಸ. ಹೊನ್ನಾವರ 14 ಡಿಗ್ರಿ ಉತ್ತರಕ್ಕೆ ತುಸು ಮೇಲೆ, ಶ್ರೀಹರಿಕೋಟಾ 14ಕ್ಕೆ ತುಸು ಕೆಳಗೆ. ನಮ್ಮ ಅಳಿವೆಯಿಂದ ದಾರ ಹಿಡಿದು ಪೂರ್ವಕ್ಕೆ ಎಳೆದರೆ ಹೆಚ್ಚು ಕಡಿಮೆ ಅಲ್ಲಿಗೇ ಹೋಗಿ ಮುಟ್ಟುತ್ತದೆ. "ನಿನಗೆ ಹೇಗೆ ಗೊತ್ತು?" ಎಂದು ಕಣ್ಣರಳಿಸಿದಳು. ಮೊಬೈಲಿನಲ್ಲಿದ್ದ ಹಳೆಯ ಸಂದೇಶಗಳನ್ನು ತೋರಿಸಿದೆ. ಹೈದರಾಬಾದಿನಲ್ಲಿ ಇನ್‌ಕಾಯಿಸ್ ಎಂಬ ಸರಕಾರಿ ಸಂಸ್ಥೆಯಿದೆ. ಕಡಲ ಮೇಲ್ಮೈಯ ಬಿಸಿ ಎಷ್ಟು, ನೀರಿನ ಬಣ್ಣ ಹೇಗಿದೆ ಎಂದು ಉಪಗ್ರಹಗಳು ನೋಡಿ ಕಳಿಸಿದ್ದನ್ನು ಲೆಕ್ಕ ಹಾಕಿ, ಮೀನು ಸೇರುವ ಸಾಧ್ಯತೆ ಎಲ್ಲಿದೆ ಎಂದು ಅವರು ನಮಗೆ ತಿಳಿಸುತ್ತಾರೆ. ಇಷ್ಟು ಅಕ್ಷಾಂಶ, ಇಷ್ಟು ರೇಖಾಂಶ, ದಡದಿಂದ ಇಷ್ಟು ದೂರ, ಆಳ ಇಷ್ಟು ಎಂದು. ನೀರಿನಲ್ಲಿ ಹಸಿರು ಪಾಚಿಯ ಅಂಶ ಹೆಚ್ಚಿದ್ದಲ್ಲಿ ತಾರಲೆ, ಬಂಗಡೆ ಮೇಯಲು ಬರುತ್ತವೆ. ಆ ಬಣ್ಣ ನೋಡುವ ಓಷನ್‌ಸ್ಯಾಟ್ ಉಪಗ್ರಹಗಳಲ್ಲಿ ಮೊದಲನೆಯದು 1999ರಲ್ಲಿ ಹಾರಿದ್ದು. ಹೊಸತು 2022ರ ನವೆಂಬರಿನಲ್ಲಿ. ಎರಡೂ ಶ್ರೀಹರಿಕೋಟಾದಿಂದಲೇ.

ಸಂದೇಶ ಬಂದಲ್ಲೆಲ್ಲ ಮೀನು ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ನಾವು ಮುಟ್ಟುವಾಗ ಹಿಂಡು ಅಲ್ಲಿಂದ ಸರಿದಿರುವುದೂ ಉಂಟು. ಮೋಡ ಮುಚ್ಚಿದ ದಿನ ಉಪಗ್ರಹಕ್ಕೂ ಬಣ್ಣ ಕಾಣುವುದಿಲ್ಲ. ಆದರೂ ಸುಮ್ಮನೆ ಅಲೆದು ಸುಡುವ ಡೀಸೆಲ್ ಎಷ್ಟೋ ಉಳಿದಿದೆ. ಮಗಳು ಸಂದೇಶಗಳನ್ನು ಒಂದೊಂದಾಗಿ ಓದಿದಳು. "ಇದನ್ನು ಅಜ್ಜನಿಗೆ ತೋರಿಸಿದ್ದೆಯಾ?" ಎಂದು ಕೇಳಿದಳು. ತೋರಿಸಿದ್ದೆ. "ಚುಕ್ಕಿ ನೋಡುವುದು ಬಿಟ್ಟು ಈಗ ಚುಕ್ಕಿಯೇ ನಮ್ಮನ್ನು ನೋಡುತ್ತದಾ?" ಎಂದು ನಕ್ಕಿದ್ದರು.

ಚೆನ್ನೈ ಮುಟ್ಟುವಾಗ ರಾತ್ರಿ. ಒಂದು ಲಾಡ್ಜಿನಲ್ಲಿ ಮಲಗಿ, ಬೆಳಗಿನ ಲೋಕಲ್ ರೈಲಿನಲ್ಲಿ ಸೂಳ್ಳೂರುಪೇಟೆಗೆ ಹೋದೆವು. ಊರು ಬಿಟ್ಟು ಎರಡೇ ದಿನ, ಆದರೆ ಆಕಾಶವೇ ಬೇರೆ. ನಮ್ಮಲ್ಲಿ ಕೊಡೆ ಬಿಡಿಸದೆ ಅಂಗಳಕ್ಕೆ ಇಳಿಯಲಾಗದ ದಿನಗಳು. ಅಲ್ಲಿ ಸುಡು ಬಿಸಿಲು. ಆ ಕಡೆಗೆ ಜೋರು ಮಳೆ ಬರುವುದು ಅಕ್ಟೋಬರಿನ ನಂತರ.

ಚಾ ಅಂಗಡಿಯ ಎದುರು ಒಬ್ಬ ಮುದುಕ ಬಲೆ ಹೊಲಿಯುತ್ತ ಕೂತಿದ್ದ. ನನ್ನ ಕಾಲು ತಾನಾಗಿಯೇ ಅಲ್ಲಿಗೆ ಹೋಯಿತು. ಅವನಿಗೆ ಕನ್ನಡ ಬರುವುದಿಲ್ಲ, ನನಗೆ ತೆಲುಗು ಬರುವುದಿಲ್ಲ. ನಾನು ಬಲೆ ಅಂದೆ, ಅವನು ವಲ ಅಂದ. ಬೆರಳು ಹಿಡಿದು ಕಣ್ಣಿನ ಅಳತೆ ತೋರಿಸಿದ, ನಾನು ನಮ್ಮದನ್ನು ತೋರಿಸಿದೆ. ಹಕ್ಕಿಗಳಿಗೆ ಹೆಸರಾದ ಪುಲಿಕಾಟ್ ಸರೋವರ ಅಲ್ಲೇ ಪಕ್ಕದಲ್ಲಿ. ಅದರ ಆಚೆ ಶ್ರೀಹರಿಕೋಟಾ ದ್ವೀಪ, ಅದರ ಆಚೆ ಕಡಲು. ಅವರ ಕಡಲಿಗೆ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅಂದರೆ ಈಗ ದುಡಿಮೆಯ ಕಾಲ. ಮತ್ತೇಕೆ ದಡದಲ್ಲಿ ಕೂತಿದ್ದಾನೆ? ಕೈ ಆಕಾಶಕ್ಕೆ ಎತ್ತಿ, ಸುಂಯ್ ಎಂದು ಕೆಳಗೆ ಬೀಳಿಸಿ ತೋರಿಸಿದ. ರಾಕೆಟ್ ಹಾರುವ ದಿನ ಆ ಕಡಲಿಗೆ ದೋಣಿ ಇಳಿಸುವಂತಿಲ್ಲ. ಚಂದ್ರಯಾನ ಎಂದರೆ ಅವನಿಗೆ ಒಂದು ದಿನದ ಸಂಪಾದನೆ ಹೋದ ಹಾಗೆ. ಹಾಗೆಂದು ಸಿಟ್ಟೇನೂ ಕಾಣಲಿಲ್ಲ. ಮಗಳ ಕೈಗೆ ಬಲೆಯ ಸೂಜಿ ಕೊಟ್ಟು ಎರಡು ಗಂಟು ಹಾಕಿಸಿದ. ಅವಳು ಸರಿಯಾಗಿಯೇ ಹಾಕಿದಳು. ಅಜ್ಜನ ಪಾಠಗಳಲ್ಲಿ ಅದೂ ಒಂದು ಎಂದು ನನಗೆ ಗೊತ್ತಾದದ್ದು ಆಗಲೇ.

ಬಸ್ಸಿನಲ್ಲಿ ಹೋಗುವಾಗ ರಸ್ತೆಯ ಎರಡೂ ಬದಿಗೆ ನೀರು. ಮಗಳು ತುಂಬಾ ಎಂಬ ಊರಿನ ಕಥೆ ಹೇಳಿದಳು. ನಮ್ಮ ದೇಶದಿಂದ ಮೊದಲ ರಾಕೆಟ್ಟು ಹಾರಿದ್ದು ಶ್ರೀಹರಿಕೋಟಾದಿಂದ ಅಲ್ಲ, ಕೇರಳದ ತುಂಬಾದಿಂದ, 1963ರ ನವೆಂಬರ್ 21ರಂದು. ಅದು ನಮ್ಮದೇ ಅರಬ್ಬಿ ಕಡಲ ದಡದ ಮೀನುಗಾರರ ಊರು. ಅಲ್ಲಿಯವರು ತಮ್ಮ ಮನೆ, ಜಾಗ, ಇಗರ್ಜಿ ಎಲ್ಲ ಬಿಟ್ಟುಕೊಟ್ಟರು. ಇಗರ್ಜಿಯೇ ವಿಜ್ಞಾನಿಗಳ ಕಚೇರಿಯಾಯಿತು, ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನಲ್ಲಿ ಸಾಗಿಸಿದರು. ಚಾ ಅಂಗಡಿಯ ಮುದುಕನನ್ನು ನೋಡಿ ಬಂದ ಮೇಲೆ ಆ ಕಥೆಯನ್ನು ನಾನು ಬೇರೆಯೇ ಬಗೆಯಲ್ಲಿ ಕೇಳಿದೆ. ಮನೆ ಬಿಟ್ಟುಕೊಡುವುದು ಎಂದರೆ ಮೀನುಗಾರನಿಗೆ ದೋಣಿ ಎಳೆದಿಡುವ ದಡವನ್ನೇ ಬಿಟ್ಟುಕೊಡುವುದು.

ಗ್ಯಾಲರಿಯಲ್ಲಿ ಜಾತ್ರೆಯಂತೆ ಜನ. ಶಾಲೆಯ ಮಕ್ಕಳು, ಬಾವುಟ ಹಿಡಿದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು. ದೊಡ್ಡ ಪರದೆಯಲ್ಲಿ ರಾಕೆಟ್ಟನ್ನು ತೋರಿಸುತ್ತಿದ್ದರು. ಎಲ್‌ವಿಎಂ-3 ಅದರ ಹೆಸರು, 43.5 ಮೀಟರ್ ಎತ್ತರ, ನಮ್ಮಂಥ ಎರಡು ಬೋಟುಗಳನ್ನು ಒಂದರ ಮೇಲೊಂದು ಉದ್ದಕ್ಕೆ ನಿಲ್ಲಿಸಿದಷ್ಟು. ತೂಕ 640 ಟನ್. ಅದರಲ್ಲಿ ಚಂದ್ರಯಾನ ನೌಕೆಯದು ನಾಲ್ಕು ಟನ್ನೂ ಇಲ್ಲ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಂಧನ. ಡೀಸೆಲ್ ಬಿಲ್ಲು ಕಟ್ಟುವ ನನಗೆ ತಲೆ ತಿರುಗಿತು.

ಎರಡು ಗಂಟೆ ದಾಟಿದ ಮೇಲೆ ಮಗಳು ಮಾತು ನಿಲ್ಲಿಸಿದಳು. ನೋಟಿನ ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮುಖ ಬಿಳಿಚಿತ್ತು. "ಈ ಸಲವೂ ಹಾಗೇ ಆದರೆ?" ಅಂದಳು. ಆಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಶರಾವತಿಯ ಅಳಿವೆಯಲ್ಲಿ ಮರಳು ಕಟ್ಟುತ್ತದೆ, ಅಲೆ ಒಡೆಯುತ್ತದೆ. ಬೋಟು ಅಳಿವೆ ದಾಟುವ ತನಕ ದಡದಲ್ಲಿ ನಿಂತು ನೋಡುವ ಹೆಂಗಸರನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಅವರಿಗೆ ಯಾರೂ ಏನೂ ಆಗುವುದಿಲ್ಲ ಎಂದು ಹೇಳುವುದಿಲ್ಲ. ಪಕ್ಕದಲ್ಲಿ ನಿಲ್ಲುತ್ತಾರೆ. ನಾನೂ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತೆ.

ಕೊನೆಯ ಹತ್ತು ಅಂಕೆಗಳನ್ನು ಇಡೀ ಜನ ಒಟ್ಟಿಗೆ ಎಣಿಸಿತು. ಮರಗಳ ಆಚೆ ಬೆಳಕು ಕಂಡಿತು. ಕಿತ್ತಳೆ ಬಣ್ಣದ ಬೆಂಕಿ, ಅದನ್ನು ಟಿವಿಯಲ್ಲಿ ತೋರಿಸಲು ಬರುವುದಿಲ್ಲ. ಹಗಲಿನಲ್ಲೂ ಕಣ್ಣು ಕುಕ್ಕುತ್ತದೆ. ಸದ್ದೇ ಇಲ್ಲ. ಬಿಳಿ ಹೊಗೆ ಉಕ್ಕಿತು, ಮರಗಳ ತಲೆಯ ಮೇಲೆ ರಾಕೆಟ್ಟು ಎದ್ದು ಬಂತು, ಆಗಲೂ ಸದ್ದಿಲ್ಲ. ಮಗಳು ಗಟ್ಟಿಯಾಗಿ ಎಣಿಸುತ್ತಿದ್ದಳು. ಹನ್ನೆರಡರ ತನಕ ನನಗೆ ಕೇಳಿತು, ಆಮೇಲೆ ಜನರ ಕೂಗಿನಲ್ಲಿ ಲೆಕ್ಕ ತಪ್ಪಿತು. ಆಗ ಬಂತು ಸದ್ದು. ಗುಡುಗು ಒಮ್ಮೆ ಹೊಡೆದು ಸುಮ್ಮನಾಗುತ್ತದೆ. ಇದು ನಿಲ್ಲಲಿಲ್ಲ. ಎದೆಯ ಗೂಡಿನೊಳಗೆ ಹೊಕ್ಕು ಪಟಪಟ ಎಂದು ಬಡಿಯಿತು. ಅವಳ ಭುಜ ನಡುಗುತ್ತಿತ್ತೋ ನನ್ನ ಕೈ ನಡುಗುತ್ತಿತ್ತೋ ಹೇಳಲಾರೆ.

ರಾಕೆಟ್ಟು ಪೂರ್ವಕ್ಕೆ ವಾಲುತ್ತ ಮೋಡದೊಳಗೆ ಸೇರಿತು. ಹೊಗೆಯ ದಾರಿ ಮಾತ್ರ ಉಳಿಯಿತು. ಜನ ಕೈಚೀಲ ಎತ್ತಿಕೊಂಡು ಹೊರಡತೊಡಗಿದರು. ನಾವು ಕದಲಲಿಲ್ಲ. ಧ್ವನಿವರ್ಧಕದಲ್ಲಿ ಒಂದೊಂದೇ ಹಂತ ಹೇಳುತ್ತಿದ್ದರು. ಎರಡು ನಿಮಿಷ ದಾಟುತ್ತಿದ್ದಂತೆ ಬದಿಯ ಎರಡು ದೊಡ್ಡ ಬೂಸ್ಟರುಗಳು ಕಳಚಿದವು. ಆಮೇಲೆ ದ್ರವ ಇಂಧನದ ಹಂತ, ಆಮೇಲೆ ಕ್ರಯೋಜೆನಿಕ್ ಎಂಜಿನ್. ಹಾರಿ ಸುಮಾರು 16 ನಿಮಿಷಕ್ಕೆ ನೌಕೆ ರಾಕೆಟ್ಟಿನಿಂದ ಬೇರೆಯಾಗಿ ಕಕ್ಷೆ ಸೇರಿತು. ಮಗಳು ನನ್ನತ್ತ ತಿರುಗಿ, "ಅಳಿವೆ ದಾಟಿತಾ ಅಪ್ಪ?" ಅಂದಳು. "ದಾಟಿತು" ಅಂದೆ. ಅವಳು ಅತ್ತಳು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಮಗುವಿಗೆ ಏನಾಯಿತು ಎಂದು ತಮಿಳಿನಲ್ಲಿ ಕೇಳಿದರು. ಏನೂ ಇಲ್ಲ ಎಂದು ಕೈಯಾಡಿಸಿದೆ.

ಮರಳಿ ಬರುವ ದಾರಿಯಲ್ಲಿ ಅವಳಿಗೊಂದು ಸಂಶಯ ಬಂತು. ಅಂದು ಕೃಷ್ಣಪಕ್ಷದ ದ್ವಾದಶಿ. ದ್ವಾದಶಿಯ ಚಂದ್ರ ಬೆಳಗಿನ ಜಾವ ಹುಟ್ಟಿ ಮಧ್ಯಾಹ್ನ ಕಳೆಯುವಾಗ ಪಶ್ಚಿಮಕ್ಕೆ ಇಳಿದಿರುತ್ತಾನೆ. ಬಿಸಿಲಿನಲ್ಲಿ ಕಾಣದಿದ್ದರೂ ಇರುವುದು ಅಲ್ಲೇ. "ಚಂದ್ರ ನಮ್ಮೂರ ಕಡೆ, ರಾಕೆಟ್ಟು ಹೋದದ್ದು ಆಚೆ ಕಡೆ. ತಪ್ಪು ದಿಕ್ಕಿಗೆ ಹೋಯಿತಲ್ಲ?" ಪುಸ್ತಕದಲ್ಲಿ ಉತ್ತರ ಇದ್ದಿರಬಹುದು. ಆದರೆ ಕೇಳಿದ್ದು ನನ್ನನ್ನು.

ಹಾಗಾಗಿ ನನಗೆ ಗೊತ್ತಿರುವುದನ್ನು ಹೇಳಿದೆ. ಬಂಗಡೆಯ ಹಿಂಡು ಕಂಡಾಗ ಬೋಟನ್ನು ಹಿಂಡಿನ ಮೇಲೆ ಓಡಿಸುವುದಿಲ್ಲ. ಹಿಂಡು ಯಾವ ಕಡೆ ಹೋಗುತ್ತಿದೆ, ಎಷ್ಟು ವೇಗ, ನೀರಿನ ಸೆಳೆತ ಎತ್ತ ಎಂದು ನೋಡಿ ಅದರ ಮುಂದಕ್ಕೆ ಹೋಗಿ ಸುತ್ತು ಹಾಕುತ್ತಾ ಬಲೆ ಬಿಡುತ್ತೇವೆ. ನಾವು ಸುತ್ತು ಮುಗಿಸುವಾಗ ಮೀನು ತಾನಾಗಿ ಅಲ್ಲಿಗೆ ಬಂದಿರಬೇಕು. ಚಂದ್ರನೂ ಓಡುವವನೇ. ಅವಳು ನೋಟ್‌ಬುಕ್ ತೆಗೆದು ಬರೆದುಕೊಂಡಳು, ಬದಿಯಲ್ಲಿ ಒಂದು ಬೋಟನ್ನೂ ಚಿತ್ರಿಸಿದಳು. ಆಮೇಲೆ ತನ್ನ ಪಾಲಿನದ್ದು ಸೇರಿಸಿದಳು: ನೌಕೆ ನೇರ ಹೋಗುವುದಿಲ್ಲ, ಕೆಲವು ವಾರ ಭೂಮಿಯನ್ನೇ ಸುತ್ತುತ್ತದೆ, ಪ್ರತಿ ಸಲ ಎಂಜಿನ್ ಉರಿಸಿ ಸುತ್ತನ್ನು ಉದ್ದ ಮಾಡಿಕೊಂಡು, ಕೊನೆಗೊಂದು ದಿನ ಚಂದ್ರನ ದಾರಿಗೆ ಜಿಗಿಯುತ್ತದೆ.

ಆ ದಿನ ಯಾವುದು ಗೊತ್ತೇ? ಜುಲೈ 31ರ ಮಧ್ಯರಾತ್ರಿ ಕಳೆದ ಮೇಲೆ, ಆಗಸ್ಟ್ 1ರ ಮೊದಲ ಗಂಟೆಯಲ್ಲಿ. ನಮ್ಮ ಮೀನುಗಾರಿಕೆಯ ನಿಷೇಧ ಮುಗಿದದ್ದೂ ಅದೇ ನಡುರಾತ್ರಿಗೆ. ಮಗಳು ಬೆಳಿಗ್ಗೆ ಎದ್ದವಳೇ ಬಂದು, "ನಿಮ್ಮಿಬ್ಬರಿಗೂ ಒಂದೇ ದಿನ ರಜೆ ಮುಗಿಯಿತು" ಅಂದಳು. ಕಡಲು ಇನ್ನೂ ಒರಟಾಗಿದ್ದುದರಿಂದ ನಮ್ಮ ಬೋಟು ಹೊರಟದ್ದು ಕೆಲವು ದಿನ ತಡವಾಗಿ. ಆಗಸ್ಟ್ 5ರಂದು ಚಂದ್ರಯಾನ ಚಂದ್ರನ ಕಕ್ಷೆ ಸೇರಿದ ಸುದ್ದಿಯನ್ನು ಅಂಗಳದಲ್ಲಿ ಒಟ್ಟಿಗೆ ಬಲೆ ಹೊಲಿಯುತ್ತ ಕೇಳಿದೆವು.

ಆಗಸ್ಟ್ 23, ನಾಗರಪಂಚಮಿ ಕಳೆದು ಎರಡನೇ ದಿನ. ಇಳಿಯುವುದು ಸಂಜೆ 6 ಗಂಟೆ 4 ನಿಮಿಷಕ್ಕೆ ಎಂದು ಮಗಳು ಚೀಟಿಯಲ್ಲಿ ಬರೆದು ಬೋಟಿನ ಕ್ಯಾಬಿನ್ನಿನಲ್ಲಿ ಅಂಟಿಸಿ ಹೋಗಿದ್ದಳು. ನಾವು ದಡದಿಂದ ದೂರದಲ್ಲಿದ್ದೆವು, ಮೊಬೈಲ್ ಸಿಗ್ನಲ್ ಇರಲಿಲ್ಲ. ಸಪ್ತಮಿಯ ಅರ್ಧ ಚಂದ್ರ ಸೂರ್ಯ ಮುಳುಗುವ ಮೊದಲೇ ದಕ್ಷಿಣದಲ್ಲಿ ತೆಳ್ಳಗೆ ಕಾಣುತ್ತಿದ್ದ. ಬಲೆ ನೀರಿನಲ್ಲಿತ್ತು, ಹುಡುಗರು ಹಗ್ಗ ಎಳೆಯುತ್ತಿದ್ದರು. ನಾನು ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟಿದ್ದೆ. ಆರು ಗಂಟೆ ಹತ್ತು ನಿಮಿಷದ ಹೊತ್ತಿಗೆ ವೈರ್‌ಲೆಸ್ ಕರಕರ ಎಂದಿತು. ದಡಕ್ಕೆ ಹತ್ತಿರವಿದ್ದ ಯಾವುದೋ ಬೋಟಿನ ತಾಂಡೇಲ, ದನಿ ಮಲ್ಪೆಯ ಕಡೆಯದಿರಬೇಕು, "ಇಳಿಯಿತಂತೆ ಮಾರಾಯ್ರೆ, ಇಳಿಯಿತಂತೆ" ಎಂದು ಕೂಗುತ್ತಿದ್ದ. ನಾನು ಮೈಕು ಎತ್ತಿ ಉತ್ತರಕ್ಕಿದ್ದ ಬೋಟುಗಳಿಗೆ ಅದನ್ನೇ ದಾಟಿಸಿದೆ. ಕುಮಟಾದ ಬದಿಯಿಂದ ಒಬ್ಬ, "ಯಾವ ಬೋಟು ಇಳಿಯಿತು? ಎಲ್ಲಿ?" ಎಂದು ಕೇಳಿದ.